110 ದಾಟಿದರೆ ಗಾಡಿ ಬಾಲ ಅಲ್ಲಾಡಿಸುತ್ತದೆ, ಯಾಕೆ?

ಬೆಳಗಿನ ಸವಾರ (ಪ್ರಶ್ನೆ)

ನನ್ನದು 200 ಸಿಸಿ ಗಾಡಿ. ತಗೊಂಡು ಮೂರು ವರ್ಷ, 19 ಸಾವಿರ ಕಿ.ಮೀ. ಓಡಿದೆ. ಟಯರ್ ಎರಡೂ ಗಾಡಿ ಜೊತೆ ಬಂದವೇ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಆರು ಕಿ.ಮೀ. ದಾರ ಹಿಡಿದು ಎಳೆದ ಹಾಗೆ ನೇರ ರಸ್ತೆ ಸಿಗುತ್ತದೆ. ಬೆಳಗ್ಗೆ ಆರಕ್ಕೆ ಅಲ್ಲಿ ನರಪಿಳ್ಳೆ ಇರುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಕೈ ತಡೆಯುವುದಿಲ್ಲ.

ಮೀಟರ್ 100 ತೋರಿಸುವ ತನಕ ಏನೂ ತೊಂದರೆ ಇಲ್ಲ. 110 ದಾಟಿತೋ, ಯಾರೋ ಹಿಂದಿನಿಂದ ಸೀಟು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿದ ಹಾಗೆ ಆಗುತ್ತದೆ. ಸೆಕೆಂಡಿಗೆ ಎರಡೋ ಮೂರೋ ಸಲ. ಹೋದ ವಾರ 118ರಲ್ಲಿ ಶುರುವಾದಾಗ ಹೆದರಿ ಹ್ಯಾಂಡಲ್ ಗಟ್ಟಿಯಾಗಿ ಅಮುಕಿ ಹಿಡಿದೆ. ಇನ್ನೂ ಜಾಸ್ತಿಯಾಯಿತು. ಎರಡು ಲೇನೂ ನನಗೇ ಬೇಕಾಯಿತು. ನಿಲ್ಲಿಸಿ ಹೆಲ್ಮೆಟ್ ತೆಗೆದರೆ ಕೈ ಗಡಗಡ.

ಹಿಂದೆ ಟಾಪ್ ಬಾಕ್ಸ್ ಇದೆ. ಲ್ಯಾಪ್‌ಟಾಪ್, ರೇನ್‌ಕೋಟ್, ದಪ್ಪ ಚೈನು-ಬೀಗ, ಎಲ್ಲ ಅದರಲ್ಲೇ. ಸ್ಟೀರಿಂಗ್ ಡ್ಯಾಂಪರ್ (ಹ್ಯಾಂಡಲ್ ಒದರದ ಹಾಗೆ ತಡೆಯುವ ಭಾಗ) ಹಾಕಿಸಿದರೆ ಸರಿಹೋಗುತ್ತಾ? ಸರಿಹೋದರೆ ಒಂದು ಸಲ 130 ನೋಡುವ ಆಸೆ.

ಚಪ್ಪಟೆ ಹೆಲ್ಮೆಟ್

ಟ್ಯಾಂಕಿನ ಮೇಲೆ ಎದೆ ಒರಗಿಸಿ ಓಡಿಸಿ ಗುರು, ಅಷ್ಟರಲ್ಲೇ ಐದಾರು ಕಿ.ಮೀ. ಮೇಲೇರುತ್ತದೆ. 1948ರಲ್ಲಿ ರೋಲಿ ಫ್ರೀ ಅಂತ ಒಬ್ಬ ಅಮೆರಿಕದ ಬಾನೆವಿಲ್ ಉಪ್ಪಿನ ಬಯಲಲ್ಲಿ ಚರ್ಮದ ಬಟ್ಟೆ ಬಿಚ್ಚಿಟ್ಟು, ಬರೀ ಈಜು ಚಡ್ಡಿಯಲ್ಲಿ ವಿನ್ಸೆಂಟ್ ಗಾಡಿಯ ಮೇಲೆ ಉದ್ದಕ್ಕೆ ಮಲಗಿ ಗಂಟೆಗೆ 150 ಮೈಲಿ ದಾಟಿದ. ಅಂದರೆ ಸುಮಾರು 242 ಕಿ.ಮೀ.! ಎಲ್ಲಾ ಗಾಳಿಯ ಆಟ.

ಕೋನ್‌ಸೆಟ್

ಚಪ್ಪಟೆ ಅವರೇ, ಗಾಳಿಯ ಮಾತು ಸರಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಅದನ್ನು ಮೀರಲು ಬೇಕಾದ ಶಕ್ತಿ ಎಂಟರಷ್ಟು. ಆದರೆ ಆ ಮನುಷ್ಯನ ಬೆನ್ನ ಹಿಂದೆ ಟಾಪ್ ಬಾಕ್ಸ್ ಇರಲಿಲ್ಲ, ಎದುರಿಗೆ ದನ ಬರುವ ಸಾಧ್ಯತೆಯೂ ಇರಲಿಲ್ಲ.

ಈಗ ಪ್ರಶ್ನೆಗೆ ಬರೋಣ. ನಡುಕ ಎರಡು ಥರ. ಹ್ಯಾಂಡಲ್ ಮಾತ್ರ ಪಟಪಟ ಅಂತ ಜೋರಾಗಿ ಒದರಿದರೆ ಅದು ಮುಂದಿನದು. ಇಡೀ ಗಾಡಿ ನಿಧಾನವಾಗಿ, ಮೀನು ಬಾಲ ಆಡಿಸಿದ ಹಾಗೆ ತೂಗಿದರೆ ಅದು ಹಿಂದಿನದು. ನಿಮ್ಮದು ಎರಡನೆಯದು. ಡ್ಯಾಂಪರ್ ಇರುವುದು ಮೊದಲನೆಯದಕ್ಕೆ. ಎರಡನೆಯದಕ್ಕೆ ಹಾಕಿದರೆ ತೂಗಾಟ ಜಾಸ್ತಿಯೂ ಆಗಬಹುದು. ದುಡ್ಡು ಉಳಿಸಿ.

ನನಗೂ ಇದೇ ಆಗಿತ್ತು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಮೊದಲು ಆ ಬಾಕ್ಸ್ ಕಳಚಿ. ಹಿಂದಿನ ಚಕ್ರದ ಆಕ್ಸಲ್‌ಗಿಂತ ಹಿಂದೆ, ಅಷ್ಟು ಎತ್ತರದಲ್ಲಿ ಭಾರ ಕೂತರೆ ಮುಂದಿನ ಚಕ್ರ ಹಗುರಾಗುತ್ತದೆ. ಜೊತೆಗೆ ಅದು ಗಾಳಿಗೂ ಸಿಕ್ಕಿಬೀಳುತ್ತದೆ.

ಆಮೇಲೆ ಹಿಂದಿನ ಟಯರಿನ ಮೇಲೆ ಅಂಗೈ ಅಡ್ಡ ಆಡಿಸಿ. ಕಣ್ಣಲ್ಲಿ ನೋಡಬೇಡಿ, ಮೋಸ ಹೋಗುತ್ತೀರಿ. ಹೊಸ ಟಯರ್ ಕುಂಬಳಕಾಯಿ ಬೆನ್ನಿನ ಹಾಗೆ ದುಂಡಗೆ ಸಿಗುತ್ತದೆ. ದಿನಾ ನೇರ ರಸ್ತೆಯಲ್ಲೇ ಓಡಿಸಿದ ಟಯರು ನಡುವೆ ಸವೆದು ಮಣೆಯಾಗಿರುತ್ತದೆ, ಎರಡೂ ಕಡೆ ಅಂಚು ಕೈಗೆ ತಾಗುತ್ತದೆ. ಗಾಡಿ ಚೂರು ವಾಲಿದರೆ ಆ ಅಂಚಿನ ಮೇಲೆ ಹತ್ತಿ ಇಳಿಯುತ್ತದೆ.

ಕೊನೆಗೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕತ್ತಿನ ಬೇರಿಂಗ್. (ನನ್ನ ಹೆಸರು ಸುಮ್ನೆ ಬಂದದ್ದಲ್ಲ.) ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಚಕ್ರ ಮೇಲೆತ್ತಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಟಕ್ ಅಂದರೆ ಸಡಿಲ. ಹ್ಯಾಂಡಲನ್ನು ಒಂದೇ ಬೆರಳಲ್ಲಿ ತಿರುಗಿಸಿ, ನಟ್ಟನಡುವೆ ಹಲ್ಲಿಗೆ ಕೂತ ಹಾಗೆ ನಿಂತರೆ ಬೇರಿಂಗ್ ಹೋಗಿದೆ.

ಮತ್ತೆ ಶುರುವಾದರೆ ಹ್ಯಾಂಡಲ್ ಅಮುಕಬೇಡಿ, ಅದು ನಿಮ್ಮ ನಡುಕವನ್ನೂ ಗಾಡಿಗೆ ಸೇರಿಸುತ್ತದೆ. ಮಂಡಿಯಲ್ಲಿ ಟ್ಯಾಂಕ್ ಒತ್ತಿ ಹಿಡಿದು, ಮೈ ಸ್ವಲ್ಪ ಮುಂದೆ ಬಗ್ಗಿಸಿ, ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಮುಂದಿನ ಬ್ರೇಕ್ ಗಕ್ಕನೆ ಹಿಡಿಯಬಾರದು.

130ರ ಆಸೆಗೆ ನಾನು ಬುದ್ಧಿ ಹೇಳುವುದಿಲ್ಲ, ನನ್ನ ಕಥೆ ಹೇಳುತ್ತೇನೆ. ನಿಮ್ಮಂಥದ್ದೇ ರಸ್ತೆ, ನಿಮ್ಮಂಥದ್ದೇ ಹೊತ್ತು. ಇಪ್ಪತ್ತು ನಿಮಿಷದಿಂದ 120ರ ಹತ್ತಿರ. ಪಕ್ಕದಲ್ಲಿ ಮರ ಇಲ್ಲ, ಗೋಡೆ ಇಲ್ಲ, ಹಾಗಾಗಿ ಕಣ್ಣಿಗೆ ವೇಗವೇ ಗೊತ್ತಾಗುವುದಿಲ್ಲ. ತೆವಳುತ್ತಿದ್ದೇನೆ ಅನಿಸುತ್ತಿತ್ತು. ದೂರದಲ್ಲಿ ರಸ್ತೆ ಮೇಲೆ ಕಪ್ಪಗೆ ಏನೋ ಕಂಡಿತು. ಟಯರಿನ ತುಂಡು ಅಂದುಕೊಂಡೆ. ಅದು ಎದ್ದು ನಿಂತಿತು. ನಾಯಿ.

120ರಲ್ಲಿ ಸೆಕೆಂಡಿಗೆ 33 ಮೀಟರ್ ಹೋಗುತ್ತೇವೆ. ತಲೆಗೆ ಹೊಳೆಯಲು ಒಂದು ಸೆಕೆಂಡ್, ಆಮೇಲೆ ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ 70 ಮೀಟರ್. ನೂರು ದಾಟಿತು, ಅಲ್ವಾ? ಡಿಮ್ ಲೈಟು ತೋರಿಸುವುದು ಅದರ ಅರ್ಧ. ನಾಯಿ ತಾನಾಗಿ ಎಡಕ್ಕೆ ಹೋಯಿತು, ನಾನು ಬಲಕ್ಕಿದ್ದೆ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ನಾನು ಅದನ್ನೇ ನೋಡುತ್ತಿದ್ದೆ, ಗಾಡಿಯೂ ಅತ್ತಲೇ ವಾಲುತ್ತಿತ್ತು.

ಒಂಟಿ ಮಿರರ್

ಹವಾ ನೋಡಿದ್ದೀರಾ? ಗಾಡಿ ತಣ್ಣಗಿರುವಾಗ ನೋಡಬೇಕು, ಓಡಿಸಿ ಬಂದ ಮೇಲಲ್ಲ. ಹಾಗೇ ಟಯರಿನ ಪಕ್ಕದಲ್ಲಿ ಸೈಜಿನ ಅಂಕಿಗಳ ಕೊನೆಗಿರುವ ಅಕ್ಷರ ಓದಿ, ಟಯರ್ ಎಷ್ಟು ವೇಗಕ್ಕೆ ಅಂತ ಅದು ಹೇಳುತ್ತದೆ. ಎಲ್ ಅಂದರೆ 120, ಪಿ ಅಂದರೆ 150, ಎಸ್ ಅಂದರೆ 180ರ ತನಕ. ಇನ್ನೊಂದು ವಿಷಯ, ನಿಮ್ಮ 118 ನಿಜವಾದ 118 ಅಲ್ಲ. ಮೀಟರುಗಳು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ. ಜಿಪಿಎಸ್ ಜೊತೆ ಹೋಲಿಸಿದಾಗ ನನ್ನ ಮೀಟರಿನ 100 ನಿಜಕ್ಕೂ 93 ಇತ್ತು, ಬೇಜಾರಾಯಿತು.

ಬೆಳಗಿನ ಸವಾರ

ಭಾನುವಾರ ಎಲ್ಲ ಮಾಡಿ ನೋಡಿದೆ. ಹವಾ ಹಿಂದೆ 8 ಪೌಂಡು ಕಡಿಮೆ ಇತ್ತು. ಟಯರ್ ಮಣೆಯೇ ಸರಿ, ಅಂಚಿನ ಮೇಲೆ ಚಮಚ ನಿಲ್ಲಿಸಬಹುದು. ಕೋನ್‌ಸೆಟ್ ಅವರೇ, ನಿಮ್ಮ ಹೆಸರಿನದು ಗಟ್ಟಿಯಾಗಿದೆ, ಟಕ್ ಅನ್ನಲಿಲ್ಲ.

ಹವಾ ಸರಿ ಮಾಡಿ, ಬಾಕ್ಸ್ ತೆಗೆದು, ಹಳೇ ಟಯರಲ್ಲೇ ನಿನ್ನೆ ಹೋದೆ. 105ರ ತನಕ ಕಂಬದ ಹಾಗೆ ನಿಂತಿತ್ತು. ಅದಕ್ಕಿಂತ ಮೇಲೆ ನೋಡಲಿಲ್ಲ. ನಿಮ್ಮ ನಾಯಿ ನೆನಪಾಗಿ, ರಸ್ತೆಯಲ್ಲಿ ಕಂಡ ಪ್ರತಿ ಕಪ್ಪು ಚುಕ್ಕೆಗೂ ಕೈ ತಾನಾಗಿ ಸಡಿಲವಾಗುತ್ತಿತ್ತು. ಒಂದು ನಿಜಕ್ಕೂ ಟಯರಿನ ತುಂಡೇ. ಅದಕ್ಕೂ 60ಕ್ಕೆ ಇಳಿಸಿದ್ದೆ.

ಹೊಸ ಟಯರ್ ಈ ವಾರ. ಬಾಕ್ಸ್ ಬದಲು ಟ್ಯಾಂಕ್ ಬ್ಯಾಗ್ ಹಾಕೋಣ ಅಂತ ಇದ್ದೇನೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಅದು ಹಾರ್ನ್ ಸ್ವಿಚ್ಚಿಗೆ ತಾಗುತ್ತಾ? ಯಾರಾದರೂ ಬಳಸಿದ್ದೀರಾ?