‘ಟ್ರಾನ್ಸ್ ಫ್ಯಾಟ್ 0’ ಅಂತ ಬರೆದಿರೋ ಸ್ಪ್ರೆಡ್ ಮಕ್ಕಳಿಗೆ ದಿನಾ ಕೊಡಬಹುದಾ?

ಪುಟ್ಟನ ಅಮ್ಮ:
ಮಗ ದಿನಾ ಬೆಳಿಗ್ಗೆ ಎರಡು ಸ್ಲೈಸ್ ಬ್ರೆಡ್ ತಿನ್ನುತ್ತಾನೆ. ಫ್ರಿಜ್‌ನಿಂದ ತೆಗೆದ ಬೆಣ್ಣೆ ಕಲ್ಲಿನ ಹಾಗಿರುತ್ತೆ, ಸವರೋಕೆ ಹೋದರೆ ಬ್ರೆಡ್ ಹರಿಯುತ್ತೆ. ಅದಕ್ಕೆ ಒಂದು ಡಬ್ಬಿ ಸ್ಪ್ರೆಡ್ ತಂದೆ. ಮುಚ್ಚಳದ ಮೇಲೆ ದೊಡ್ಡದಾಗಿ ‘ಟ್ರಾನ್ಸ್ ಫ್ಯಾಟ್ 0’ ಅಂತಿದೆ. ಅತ್ತೆ ಮಾತ್ರ "ಇದು ಡಾಲ್ಡಾನೇ ಕಣೇ, ಹಳದಿ ಬಣ್ಣ ಹಾಕಿದ್ದಾರೆ ಅಷ್ಟೇ" ಅಂತಾರೆ. ಯಾರ ಮಾತು ನಂಬಲಿ?

ಎಣ್ಣೆ ಲೆಕ್ಕ:
ಹತ್ತು ಹದಿನೈದು ವರ್ಷದ ಹಿಂದೆ ಆಗಿದ್ದರೆ ಅತ್ತೆಯವರ ಕಡೆಗೇ ನಿಲ್ಲುತ್ತಿದ್ದೆ. ಆಗ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಅರೆಬರೆ ಗಟ್ಟಿ ಮಾಡುತ್ತಿದ್ದರು, ಟ್ರಾನ್ಸ್ ಕೊಬ್ಬು ಹುಟ್ಟುವುದು ಅಲ್ಲೇ. ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತೆ, ಒಳ್ಳೆಯದನ್ನು ಇಳಿಸುತ್ತೆ, ಎರಡೂ ಕಡೆ ಏಟು. ಡೆನ್ಮಾರ್ಕ್ 2003ರಲ್ಲೇ ಇದಕ್ಕೆ ಶೇ. 2ರ ಮಿತಿ ಹಾಕಿತು. ನಮ್ಮ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಧಾನವಾಗಿ ಇಳಿಸಿಕೊಂಡು ಬಂತು: ಶೇ. 10 ಇದ್ದದ್ದು 5 ಆಯಿತು, 2021ರ ಜನವರಿಗೆ 3, 2022ರ ಜನವರಿಗೆ 2. ಅಂದರೆ 100 ಗ್ರಾಂ ಕೊಬ್ಬಿನಲ್ಲಿ 2 ಗ್ರಾಂ. ವನಸ್ಪತಿ, ಎಣ್ಣೆಯಿಂದ ಬೆಣ್ಣೆ ಥರ ಮಾಡುವ ಮಾರ್ಗರಿನ್‌ಗಷ್ಟೇ ಅಲ್ಲ, ಅವುಗಳನ್ನು ಹಾಕಿ ಮಾಡಿದ ತಿಂಡಿಗೂ ಇದು ಲಾಗೂ.

ಆದರೆ ಆ ‘0’ ಪೂರ್ತಿ ಸೊನ್ನೆ ಅಲ್ಲ. 100 ಗ್ರಾಂ ತಿಂಡಿಯಲ್ಲಿ 0.2 ಗ್ರಾಂಗಿಂತ ಕಮ್ಮಿ ಇದ್ದರೆ ‘ಟ್ರಾನ್ಸ್ ಫ್ಯಾಟ್ ಇಲ್ಲ’ ಅಂತ ಹಾಕಿಕೊಳ್ಳಬಹುದು. ನನಗೆ ಅದು ದೊಡ್ಡ ವಿಷಯ ಅನಿಸಲ್ಲ. ಹೈಡ್ರೋಜನ್ ಬಿಟ್ಟ ಮೇಲೆ ಗಟ್ಟಿ ಹೇಗಾಯಿತು? ಬಹಳಷ್ಟು ಕಡೆ ತಾಳೆ ಎಣ್ಣೆಯಿಂದ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು (ಇದೂ ಕೆಟ್ಟ ಕೊಲೆಸ್ಟ್ರಾಲ್ ಏರಿಸುವಂಥದ್ದೇ) ಜಾಸ್ತಿ. ಮುಚ್ಚಳ ಬಿಡಿ, ಡಬ್ಬಿ ಹಿಂದೆ ತಿರುಗಿಸಿ ಆ ಸಾಲು ಓದಿ.

ಹಾಸನದ ಓವನ್:
ನಮ್ಮದು ಬೇಕರಿ, ಅಪ್ಪನ ಕಾಲದ್ದು. ಒಂದು ಮಾತು ಸೇರಿಸುತ್ತೇನೆ. ಪಫ್ ಮಾಡುವಾಗ ಹಿಟ್ಟಿನ ಮಡಿಕೆ ಮಡಿಕೆ ನಡುವೆ ಕೊಬ್ಬು ಕರಗದೆ ನಿಲ್ಲಬೇಕು. ಬೆಣ್ಣೆ ಹಾಕಿದರೆ ಏಪ್ರಿಲ್ ಬಿಸಿಲಿಗೆ ಮೇಜಿನ ಮೇಲೇ ಜಾರಿಹೋಗುತ್ತೆ, ರೇಟೂ ಗಿಟ್ಟಲ್ಲ. ಅದಕ್ಕೇ ಮೈ ಬಿಸಿಗೂ ಬೇಗ ಕರಗದ ಗಟ್ಟಿ ಮಾರ್ಗರಿನ್. ಪಫ್ ತಿಂದ ಮೇಲೆ ಅಂಗುಳಕ್ಕೆ ಮೇಣ ಮೆತ್ತಿದ ಹಾಗೆ ಆಗುತ್ತಲ್ಲ, ಅದು ಇದೇ. ಬಿಡಿಯಾಗಿ ಕಟ್ಟಿಕೊಡೋ ಬೆಣ್ಣೆ ಬಿಸ್ಕತ್ತಿಗೆ ಲೇಬಲ್ ಎಲ್ಲಿದೆ? ಹೆಸರಲ್ಲಿ ಬೆಣ್ಣೆ, ಒಳಗೆ ಏನು ಅಂತ ನಮ್ಮನ್ನೇ ಕೇಳಬೇಕು. ಕೇಳೋರು ಇಲ್ಲ ಬಿಡಿ.

ಸುಮ್ನೆ ಓದುಗ:
ಹಾಗಾದ್ರೆ ಬೆಣ್ಣೆನೇ ಒಳ್ಳೇದು ಅಂತಾಯ್ತಲ್ಲ? ನಮ್ಮ ತಾತ ತುಪ್ಪ ತಿಂದೇ 90 ದಾಟಿದ್ದು.

ಎಣ್ಣೆ ಲೆಕ್ಕ:
ತಾತ ಹೊಲದಲ್ಲೂ ದುಡಿದಿರಬೇಕಲ್ವಾ? :) ಬೆಣ್ಣೆ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಸ್ಯಾಚುರೇಟೆಡ್ ಕೊಬ್ಬೇ. ಹಾಲಿನ ಕೊಬ್ಬಿನಲ್ಲಿ ತಾನಾಗಿ ಬರುವ ಟ್ರಾನ್ಸ್ ಕೂಡ ಸ್ವಲ್ಪ ಇರುತ್ತೆ. ಸ್ಪ್ರೆಡ್‌ನಲ್ಲಿ ಆ ಸಾಲು 20ರ ಹತ್ತಿರ ಇದ್ದರೆ, ಈ ಒಂದು ಲೆಕ್ಕಕ್ಕೆ ಬೆಣ್ಣೆಗಿಂತ ವಾಸಿ. 45 ಇದ್ದರೆ ಯಾಕೆ ಬದಲಾಯಿಸಬೇಕು, ಬೆಣ್ಣೆನೇ ತಿನ್ನಲಿ, ರುಚಿಯಾದರೂ ಇರುತ್ತೆ.

ಪುಟ್ಟನ ಅಮ್ಮ:
ಈಗ ನೋಡಿದೆ. ಅಕ್ಷರ ಇರುವೆ ಸಾಲಿನ ಹಾಗಿದೆ, ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ಒಟ್ಟು ಕೊಬ್ಬು 65, ಸ್ಯಾಚುರೇಟೆಡ್ 28. ಮೊದಲ ಹೆಸರೇ ತಾಳೆ ಎಣ್ಣೆ. ಡಬ್ಬಿ ಮುಗಿಯೋವರೆಗೆ ತೆಳ್ಳಗೆ ಸವರುತ್ತೇನೆ, ಆಮೇಲೆ ಬೆಣ್ಣೆನ ರಾತ್ರಿನೇ ಹೊರಗಿಟ್ಟು ನೋಡೋಣ. ಹಾಸನದವರೇ, ನಿಮ್ಮ ಮಾರ್ಗರಿನ್ ಪೆಟ್ಟಿಗೆ ಮೇಲೆ ಎಷ್ಟಿದೆ?

ಹಾಸನದ ಓವನ್:
ಟ್ರಾನ್ಸ್ 2ಕ್ಕಿಂತ ಕಮ್ಮಿ ಅಂತಿದೆ. ಸ್ಯಾಚುರೇಟೆಡ್ 48. ಪಫ್ ಶನಿವಾರಕ್ಕೊಂದು ಇರಲಿ ಮೇಡಂ, ದಿನಾ ಬೇಡ. ನಾನು ಹೀಗೆ ಹೇಳಿದೆ ಅಂತ ಅಪ್ಪನಿಗೆ ಗೊತ್ತಾಗೋದು ಬೇಡ.