ಹೊಸ ಬ್ಲೇಡ್ ಹಾಕಿದ್ರೂ ವೈಪರ್ ಕುಣಿತ ನಿಂತಿಲ್ಲ

ಘಟ್ಟದ ಹಾದಿ:
ಡ್ರೈವರ್ ಕಡೆಯ ವೈಪರ್ ಮೇಲೆ ಹೋಗುವಾಗ ಮಾತ್ರ ಕಟಕಟ ಅಂತ ಕುಣಿಯುತ್ತೆ, ಕೆಳಗೆ ಬರುವಾಗ ನುಣ್ಣಗೆ ಒರೆಸುತ್ತೆ. ಬ್ಲೇಡ್ ಹಾಕಿ ಒಂದೇ ವಾರ. ಶೃಂಗೇರಿ ಕಡೆ ಮಳೆ ಹಿಡಿದಿದೆ, ಏನು ಮಾಡಲಿ?

ಹತ್ತರ ಸ್ಪ್ಯಾನರ್:
ಮೊದಲು ಗಾಜು ನೋಡಿ ಸರ್. ನೀರು ಎರಚಿದಾಗ ಒಂದೇ ಸಮ ಹರಡದೆ ಅಲ್ಲಲ್ಲಿ ಹನಿಗಟ್ಟಿದರೆ ವ್ಯಾಕ್ಸ್ ಇಲ್ಲವೇ ಹೊಗೆಯ ಜಿಡ್ಡು ಕೂತಿದೆ. ಶಾಂಪೂ ಹಾಕಿ ತೊಳೆದು, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ರಬ್ಬರ್ ಅಂಚನ್ನೂ ಅದೇ ಬಟ್ಟೆಯಲ್ಲಿ ಒಮ್ಮೆ ಎಳೆಯಿರಿ. ಸೀಮೆಎಣ್ಣೆ, ಪೆಟ್ರೋಲ್ ತಾಗಿಸಬೇಡಿ, ರಬ್ಬರ್ ಉಬ್ಬುತ್ತೆ.

ಘಟ್ಟದ ಹಾದಿ:
ಒರೆಸಿದೆ. ಸದ್ದು ಕಮ್ಮಿ, ಕುಣಿತ ಹಾಗೇ ಇದೆ.

ಲಿಂಕೇಜ್:
ಒಂದೇ ದಿಕ್ಕಿಗೆ ಕುಣಿಯೋದು ಸಾಮಾನ್ಯವಾಗಿ ಆರ್ಮ್, ಅಂದ್ರೆ ಬ್ಲೇಡ್ ಹಿಡಿದಿರುವ ಲೋಹದ ಕೈ, ತಿರುಚಿದಾಗ. ಕಾರು ತೊಳೆಯುವವರು ಎತ್ತಿ ಬಗ್ಗಿಸಿದರೆ ಸಾಕು. ರಬ್ಬರಿನ ತುಟಿ ಬ್ಲೇಡಿನ ಹಿಂದೆ ವಾಲಿಕೊಂಡು ಬರಬೇಕು, ಪ್ರತಿ ತಿರುವಿನಲ್ಲೂ ಮಗುಚಿಕೊಳ್ಳಬೇಕು. ಮೇಲೆ ಹೋಗುವಾಗ ಕುಣಿದರೆ ಬ್ಲೇಡಿನ ಬೆನ್ನು ಕೆಳಕ್ಕೆ ವಾಲಿದೆ, ತುಟಿ ಮಗುಚದೆ ಗಾಜಿಗೆ ಚುಚ್ಚುತ್ತಿದೆ ಅಂತ ಅರ್ಥ.

ಒದ್ದೆ ಗಾಜಿನ ಮೇಲೆ ವೈಪರ್ ಓಡಿಸಿ, ನಡುವೆ ಬಂದಾಗ ಕೀ ಆಫ್ ಮಾಡಿ. ಬ್ಲೇಡ್ ಕಳಚಿ, ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಇದನ್ನು ಮರೆತು ಬರೀ ಆರ್ಮ್ ಕೈಜಾರಿದರೆ ಗಾಜು ಬಿರುಕು ಬಿಟ್ಟಂತೆಯೇ. ಈಗ ಆರ್ಮ್ ತುದಿಯ ಚಪ್ಪಟೆ ಪಟ್ಟಿಯನ್ನು ಪಕ್ಕದಿಂದ ನೋಡಿ: ಗಾಜಿಗೆ ಸಮಾನಾಂತರ ಇರಬೇಕು. ಇಲ್ಲದಿದ್ದರೆ ಬಟ್ಟೆ ಸುತ್ತಿ ಎರಡು ಅಡ್ಜಸ್ಟೆಬಲ್ ಸ್ಪ್ಯಾನರ್ ಹಿಡಿಯಿರಿ. ಒಂದು ಬುಡದ ಕಡೆ ಅಲುಗದಂತೆ, ಇನ್ನೊಂದು ಬ್ಲೇಡ್ ಸಿಕ್ಕಿಸುವ ಕೊಕ್ಕೆಯ ಹತ್ತಿರ. ಬೆನ್ನು ಮೇಲಕ್ಕೆ ಬರುವಂತೆ ಕೂದಲೆಳೆಯಷ್ಟು ತಿರುಚಿ, ಬ್ಲೇಡ್ ಹಾಕಿ ಓಡಿಸಿ ನೋಡಿ. ಒಂದೇ ಸಲಕ್ಕೆ ಸರಿಮಾಡಲು ಹೋದರೆ ಕೆಳಗೆ ಬರುವಾಗ ಕುಣಿಯಲು ಶುರುವಾಗುತ್ತೆ.

ಹತ್ತರ ಸ್ಪ್ಯಾನರ್:
ತಿರುಚುವ ಮುಂಚೆ ಬುಡದ ಪ್ಲಾಸ್ಟಿಕ್ ಮುಚ್ಚಳ ತೆಗೆದು ನಟ್ ಬಿಗಿ ಇದೆಯಾ ನೋಡಿ. ಸಡಿಲ ನಟ್‌ಗೂ ಇದೇ ಲಕ್ಷಣ.

ಘಟ್ಟದ ಹಾದಿ:
ನಟ್ ಬಿಗಿಯಾಗೇ ಇತ್ತು. ಮೂರನೇ ಸಲ ತಿರುಚಿದಾಗ ನಿಂತಿತು, ಥ್ಯಾಂಕ್ಸ್. ಗಾಜಿಗೆ ಚಿಮ್ಮುವ ವಾಷರ್ ನೀರು ಮಾತ್ರ ಒಂದೇ ತೂತಿನಿಂದ ಬರ್ತಿದೆ.

ಲಿಂಕೇಜ್:
ಬೋರ್‌ವೆಲ್ ನೀರಾ? ಹಾಗಿದ್ದರೆ ಸುಣ್ಣ ಕಟ್ಟಿದೆ. ಪೈಪ್ ಕಳಚಿ, ಸಣ್ಣ ಸೂಜಿಯಿಂದ ತೂತು ಬಿಡಿಸಿ, ಚೂರು ಹೊರಬರುವಂತೆ ಊದಿ. ಇನ್ನು ಮುಂದೆ ಆರ್‌ಓ ನೀರು ತುಂಬಿಸಿ.