ಆಂಬರ್ ಏಲ್‌ನಲ್ಲಿ ಕ್ಯಾರಮೆಲ್ ಯಾವುದು, ಬೆಣ್ಣೆ ಯಾವುದು?

ಪ್ರಶ್ನೆ: ಮೇಡಂ ನಮಸ್ತೆ. ಗೆಳೆಯರೆಲ್ಲ ಸೇರಿ ಸಣ್ಣ ಬ್ರೂವರಿಯೊಂದರ ಆಂಬರ್ ಏಲ್ ಅನ್ನೋ ತಾಮ್ರಬಣ್ಣದ ಬಿಯರ್ ರುಚಿ ನೋಡಿ ಅಂಕ ಕೊಡೋಣ ಅಂತ ಕೂತಿದ್ವಿ. ಒಬ್ಬ "ಕ್ಯಾರಮೆಲ್ ಎಷ್ಟು ಚೆನ್ನಾಗಿದೆ" ಅಂದ. ಇನ್ನೊಬ್ಬ "ಅದು ಬೆಣ್ಣೆ ವಾಸನೆ, ಬಿಯರ್ ಕೆಟ್ಟಿದೆ" ಅಂದ. ಇಬ್ಬರೂ ಪಟ್ಟು ಬಿಡಲಿಲ್ಲ. ಯಾರು ಹೇಳಿದ್ದು ಸರಿ ಅಂತ ತಿಳಿಯೋದು ಹೇಗೆ?

ಬ್ರೂವರ್ (ಬಿಯರ್ ತಯಾರಿಸುವವರು) ಉತ್ತರ: ಆಂಬರ್ ಏಲ್ ಮುಂದಿಟ್ಟುಕೊಂಡು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಎರಡರ ವಾಸನೆಯೂ ಸಿಹಿಯತ್ತ ವಾಲುತ್ತದೆ. ಆದರೆ ಒಂದು ಧಾನ್ಯದಿಂದ ಬಂದದ್ದು, ಇನ್ನೊಂದು ಯೀಸ್ಟ್‌ನಿಂದ ಬಂದದ್ದು.

ಕ್ಯಾರಮೆಲ್ ಬರುವುದು ಕ್ರಿಸ್ಟಲ್ ಮಾಲ್ಟ್‌ನಿಂದ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುವ ಮೊದಲು, ಹಸಿಯಾಗಿರುವಾಗಲೇ, ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡುತ್ತಾರೆ. ಕಾಳಿನ ಒಳಗೇ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಜೋರಾಗಿ ಹುರಿದಾಗ ಆ ಸಕ್ಕರೆ ಗಟ್ಟಿಯಾಗಿ ಬಣ್ಣವೂ ಪರಿಮಳವೂ ಕಟ್ಟಿಕೊಳ್ಳುತ್ತವೆ. ಹದವಾಗಿ ಹುರಿದದ್ದು ಟಾಫಿಯಂತಿರುತ್ತದೆ, ಹೆಚ್ಚು ಹುರಿದದ್ದು ಒಣದ್ರಾಕ್ಷಿ, ಸುಟ್ಟ ಸಕ್ಕರೆಯ ಕಡೆಗೆ ಹೋಗುತ್ತದೆ. ತಾಮ್ರದ ಬಣ್ಣ ಬರುವುದೂ ಬಹುಪಾಲು ಇದರಿಂದಲೇ.

ಬೆಣ್ಣೆಯ ವಾಸನೆಗೆ ಕಾರಣ ಡಯಾಸಿಟೈಲ್. ಹುದುಗುವಾಗ ಯೀಸ್ಟ್ ಹೊರಬಿಡುವ ಒಂದು ಪದಾರ್ಥ ಬಿಯರ್‌ನಲ್ಲೇ ಡಯಾಸಿಟೈಲ್ ಆಗಿ ಬದಲಾಗುತ್ತದೆ. ಹುದುಗುವಿಕೆಯ ಕೊನೆಯಲ್ಲಿ ಅದೇ ಯೀಸ್ಟ್ ಅದನ್ನು ವಾಪಸ್ ಹೀರಿಕೊಂಡು ಸ್ವಚ್ಛ ಮಾಡುತ್ತದೆ. ಅವಸರ ಮಾಡಿ ಬೇಗ ತಣ್ಣಗಾಗಿಸಿದರೆ ಆ ಕೆಲಸ ಅರ್ಧಕ್ಕೇ ನಿಂತು ಬೆಣ್ಣೆ ಉಳಿದುಬಿಡುತ್ತದೆ. ಟ್ಯಾಪ್ ಬಿಯರ್ ಆದರೆ ತೊಳೆಯದ ಪೈಪಿನಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾದಿಂದಲೂ ಬರಬಹುದು. ಆಗ ತಪ್ಪು ಬ್ರೂವರಿಯದ್ದಲ್ಲ.

ಗುರುತಿಸುವುದು ಹೀಗೆ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬಿಸಿಯೇರಲು ಬಿಡಿ, ಗ್ಲಾಸಿನ ಬಾಯಿಯನ್ನು ಇನ್ನೊಂದು ಕೈಯಿಂದ ಮುಚ್ಚಿ ಅಲುಗಾಡಿಸಿ, ಕೈ ತೆಗೆದ ಕೂಡಲೇ ಚಿಕ್ಕ ಚಿಕ್ಕದಾಗಿ ಮೂಸಿ. ಕ್ಯಾರಮೆಲ್ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ, ಜೊತೆಗೆ ಬ್ರೆಡ್ಡಿನ ಅಂಚಿನ, ಟೋಸ್ಟಿನ ವಾಸನೆ ಇರುತ್ತದೆ. ಡಯಾಸಿಟೈಲ್ ಬೇರೆಯಾಗಿ, ಪಾಪ್‌ಕಾರ್ನ್ ಬೆಣ್ಣೆಯಂತೆ ಮೇಲೆ ತೇಲುತ್ತದೆ. ನುಂಗಿದ ಮೇಲೆ ನಾಲಿಗೆಗೆ ಜಿಡ್ಡು ಸವರಿದಂತೆ ಜಾರಿದರೆ ನನ್ನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ನಿಮ್ಮ ಗೆಳೆಯರಿಬ್ಬರೂ ಪ್ರಾಮಾಣಿಕವಾಗಿಯೇ ಹೇಳಿರಬಹುದು. ಡಯಾಸಿಟೈಲ್ ಕೆಲವರಿಗೆ ತುಸು ಇದ್ದರೂ ಮೂಗಿಗೆ ಬಡಿಯುತ್ತದೆ, ಕೆಲವರಿಗೆ ಎಷ್ಟಿದ್ದರೂ ಗೊತ್ತಾಗುವುದಿಲ್ಲ. ಅದಕ್ಕೇ ಒಬ್ಬರೇ ಕೂತು ತೀರ್ಪು ಕೊಡಬಾರದು ಎನ್ನುವುದು.

ಇನ್ನೊಬ್ಬ ಸದಸ್ಯರು: ಅಂಕ ಕೊಡೋದು ಹೇಗೆ ಮೇಡಂ? ಬಣ್ಣಕ್ಕೆ ಎಷ್ಟು, ರುಚಿಗೆ ಎಷ್ಟು?

ಬ್ರೂವರ್: ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಬಿಜೆಸಿಪಿ ಸಂಸ್ಥೆಯ ಅಂಕದ ಹಾಳೆಯಲ್ಲಿ ಒಟ್ಟು 50. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಬರೀ 3 ಎನ್ನುವುದನ್ನು ಗಮನಿಸಿ, ಬಣ್ಣಕ್ಕೆ ಮರುಳಾಗಿ ಅಂಕ ಸುರಿಯಬೇಡಿ.

ಅವರ 2021ರ ಮಾರ್ಗಸೂಚಿಯಲ್ಲಿ ಅಮೆರಿಕನ್ ಆಂಬರ್ ಏಲ್‌ಗೆ ಆಲ್ಕೋಹಾಲ್ ಶೇ 4.5ರಿಂದ 6.2, ಕಹಿಯ ಅಳತೆ 25ರಿಂದ 40 ಐಬಿಯು. ಈ ಅಂಕಿಗಳಿಗಿಂತ ನಾನು ನೋಡುವುದು ಕ್ಯಾರಮೆಲ್ ಮತ್ತು ಕಹಿ ಕೊಡುವ ಹಾಪ್ಸ್ ಹೂವಿನ ಜಗ್ಗಾಟ. ಮೊದಲ ಗುಟುಕಿನಲ್ಲಿ ಮಾಲ್ಟ್ ಮುಂದೆ ಬಂದರೂ ಅಡ್ಡಿಯಿಲ್ಲ, ನುಂಗಿದ ಮೇಲೆ ಕಹಿ ಬಂದು ಬಾಯನ್ನು ತೊಳೆಯಬೇಕು. ಇನ್ನೊಂದು ಗುಟುಕು ಬೇಕೆನ್ನಿಸುವುದು ಆಗಲೇ. ಸಿಹಿ ಅಲ್ಲೇ ಅಂಟಿಕೊಂಡು ಕೂತರೆ ಬಣ್ಣ ಎಷ್ಟೇ ಚಂದವಿದ್ದರೂ ನಾನು ರುಚಿಯಲ್ಲಿ ಅಂಕ ಕಡಿಯುತ್ತೇನೆ. ಕಹಿ ನಿಧಾನಕ್ಕೆ ಏರುವಂಥದ್ದು, ನುಂಗಿ ಸ್ವಲ್ಪ ಹೊತ್ತು ಕಾದು ಆಮೇಲೆ ಬರೆಯಿರಿ.

ಮತ್ತೊಬ್ಬರು: ನೊರೆ ಕ್ಷಣದಲ್ಲೇ ಇಳಿದುಹೋಯ್ತು. ಬಿಯರ್ ಹಳೇದಾ?

ಬ್ರೂವರ್: ಮೊದಲು ಗ್ಲಾಸ್ ನೋಡಿ. ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಗ್ಲಾಸೇ ಕೊಳಕು. ಎಣ್ಣೆ ಪಸೆ ನೊರೆಯನ್ನು ಕೊಲ್ಲುತ್ತದೆ. ತೊಳೆದು, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಿ ಮತ್ತೆ ಸುರಿದು ನೋಡಿ.

ಅದೇ ಸದಸ್ಯರು: ವೈನ್ ರುಚಿ ನೋಡುವವರ ಹಾಗೆ ಉಗುಳಬೇಕಾ?

ಬ್ರೂವರ್: ಬಿಯರ್ ತೀರ್ಪುಗಾರರು ಸಾಮಾನ್ಯವಾಗಿ ನುಂಗುತ್ತಾರೆ. ಗಂಟಲಿನ ಕಹಿ ಗೊತ್ತಾಗಬೇಕಲ್ಲ. ಅದಕ್ಕೇ ಅಳತೆ ಚಿಕ್ಕದಿರಲಿ, ಒಂದು ಬಿಯರ್‌ಗೆ 60ರಿಂದ 90 ಮಿಲಿಲೀಟರ್ ಸಾಕು. ನಡುವೆ ನೀರು, ಉಪ್ಪಿಲ್ಲದ ಬ್ರೆಡ್. ಸೆಂಟ್ ಹಾಕಿಕೊಂಡು ಬಂದವರನ್ನು ದೂರ ಕೂರಿಸಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ನಮ್ಮಲ್ಲಿ ಒಬ್ಬನಿಗೆ ಆ ಬೆಣ್ಣೆ ರುಚಿಯೇ ಇಷ್ಟ. ಅದು ತಪ್ಪಾ?

ಬ್ರೂವರ್: ಇಷ್ಟಪಡುವುದರಲ್ಲಿ ತಪ್ಪೇನಿದೆ? ಕೆಲವು ಬ್ರಿಟಿಷ್ ಏಲ್‌ಗಳಲ್ಲಿ ಅಲ್ಪ ಡಯಾಸಿಟೈಲನ್ನು ಒಪ್ಪುತ್ತಾರೆ ಕೂಡ. ಅಮೆರಿಕನ್ ಆಂಬರ್‌ನಲ್ಲಿ ಮಾತ್ರ ಅದು ಕ್ಯಾರಮೆಲ್‌ನ ಮೇಲೆ ಮುಸುಕು ಹಾಕುತ್ತದೆ, ಹಾಗಾಗಿ ದೋಷವೆಂದೇ ಬರೆಯುತ್ತೇನೆ. ಇಷ್ಟ ಬೇರೆ, ಅಂಕ ಬೇರೆ. ಹಾಳೆಯಲ್ಲಿ "ಬೆಣ್ಣೆ ಇದೆ, ಸೌಮ್ಯ" ಎಂದು ಬರೆದರೆ ಬ್ರೂವರ್‌ಗೆ ಉಪಯೋಗವಾಗುತ್ತದೆ, "ಚೆನ್ನಾಗಿಲ್ಲ" ಎಂದರೆ ಅವನಿಗೆ ಏನೂ ತಿಳಿಯುವುದಿಲ್ಲ.

ನಿಮ್ಮ ಜಗಳ ತೀರಬೇಕಾದರೆ ತ್ರಿಕೋನ ಪರೀಕ್ಷೆ ಮಾಡಿ. ಆ ಬಿಯರ್ ಒಂದು, ನಿಮಗೆಲ್ಲ ಸ್ವಚ್ಛ ಅನ್ನಿಸಿದ ಆಂಬರ್ ಇನ್ನೊಂದು. ಮೂರು ಗ್ಲಾಸಿನಲ್ಲಿ ಎರಡಕ್ಕೆ ಒಂದೇ ಬಿಯರ್, ಮೂರನೆಯದಕ್ಕೆ ಬೇರೆಯದು. ಯಾವುದು ಬೇರೆ ಎಂದಷ್ಟೇ ಕೇಳಿ, ಏನು ವಾಸನೆ ಎಂದು ಆಮೇಲೆ ಕೇಳಿ. ಊಹೆಯಿಂದಲೂ ಮೂರರಲ್ಲಿ ಒಂದು ಸಲ ಸರಿ ಬೀಳುತ್ತದೆ, ಆದ್ದರಿಂದ ಗ್ಲಾಸುಗಳ ಜಾಗ ಬದಲಿಸಿ ಹಲವು ಸಲ ಮಾಡಿ. ಬಣ್ಣ ಸುಳಿವು ಕೊಡದಂತೆ ಒಳಗೆ ಕಾಣದ ಲೋಟ ಬಳಸಿ, ಸುರಿದವರು ಕುಡಿಯುವವರ ಎದುರು ನಿಲ್ಲಬಾರದು.